ಶಾರ್ಕಿನ ಕೆಳಗೆ ಕೆಸರು

ಸಂಗ್ರಹಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಕಿವಿಕಲ್ಲು’. ಬೆನ್ನ ಹಿಂದಿನ ಹೆಸರು ತನಗೆ ಗೊತ್ತಿದೆ ಎಂಬುದನ್ನು ಅವಳೂ ಮುಚ್ಚಿಡುತ್ತಿರಲಿಲ್ಲ. ಫೋನು ಎತ್ತಿದರೆ “ಕಿವಿಕಲ್ಲು ಮಾತಾಡ್ತಿದೀನಿ, ಹೇಳಿ” ಎಂದು ಶುರು ಮಾಡಿ ಅತ್ತ ಕಡೆಯವರ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಅವಳ ಕೆಲಸವೇ ಕಿವಿಕಲ್ಲು. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಸಣ್ಣ ಬಿಳಿ ಕಲ್ಲುಗಳಿರುತ್ತವೆ. ಮೀನಿಗೆ ಮೇಲು ಯಾವುದು ಕೆಳಗೆ ಯಾವುದು ಎಂದು ತಿಳಿಯುವುದು, ಸದ್ದು ಕೇಳುವುದು ಅವುಗಳಿಂದ. ಮೀನು ಸತ್ತು, ಮೈ ಕರಗಿ, ಮುಳ್ಳೆಲ್ಲ ಪುಡಿಯಾದ ಮೇಲೂ ಈ ಕಲ್ಲು ಮಣ್ಣಿನಲ್ಲಿ ಲಕ್ಷಾಂತರ ವರ್ಷ ಉಳಿದುಬಿಡಬಲ್ಲದು. ಒಂದೊಂದು ಜಾತಿಗೆ ಒಂದೊಂದು ಆಕಾರ. ಆಕಾರ ನೋಡಿದರೆ ಯಾವ ಮೀನು ಎಂದು ತಿಳಿಯುತ್ತದೆ, ಯಾವ ಮೀನು ಎಂದು ತಿಳಿದರೆ ಅಲ್ಲಿದ್ದದ್ದು ಎಂಥ ನೀರು ಎಂದು ತಿಳಿಯುತ್ತದೆ. ಅಡ್ಡ ಸೀಳಿ ಪದರಗಳನ್ನು ಎಣಿಸಿದರೆ ಅದು ಮರಿಯೋ ಮುದಿಯೋ ಎಂಬುದೂ ಗೊತ್ತಾಗುತ್ತದೆ. ಊರಾಚೆಯ ಇಟ್ಟಿಗೆ ಭಟ್ಟಿಯವರು ಅಗೆದ ಗುಂಡಿಯಿಂದ ಜೇಡಿಮಣ್ಣನ್ನು ಚೀಲಗಟ್ಟಲೆ ತರುವುದು, ನೆನೆಹಾಕುವುದು, ಜರಡಿಯಲ್ಲಿ ತೊಳೆಯುವುದು, ಉಳಿದ ಕಸದಿಂದ ಒದ್ದೆ ಕುಂಚದ ತುದಿಯಲ್ಲಿ ಕಲ್ಲು ಆರಿಸುವುದು. ಅವಳ ಯೌವನವೆಲ್ಲ ಇದರಲ್ಲೇ ಕಳೆದಿತ್ತು. ಅದಕ್ಕಾಗಿ ಅವಳು ಒಂದು ದಿನವೂ ಕೊರಗಿದವಳಲ್ಲ.

ಕೊರಗುತ್ತಿದ್ದವರು ಅತ್ತೆ. ಗಂಡ ರೈಲು ಓಡಿಸುವವನು, ವಾರದ ಅರ್ಧದಷ್ಟು ದಿನ ಹಳಿಯ ಮೇಲೆಯೇ. ಹೀಗಾಗಿ ಎರಡನೇ ಮಹಡಿಯ ಆ ಸಣ್ಣ ಮನೆಯಲ್ಲಿ ಅತ್ತೆ ಸೊಸೆ ಇಬ್ಬರದೇ ರಾಜ್ಯ. ಹಳೆಯ ಕಲ್ಲನ್ನು ಗುರುತಿಸಬೇಕಾದರೆ ಇವತ್ತಿನ ಮೀನಿನ ಕಲ್ಲು ಪಕ್ಕದಲ್ಲಿರಬೇಕಲ್ಲ. ಅದಕ್ಕೆ ಸೊಸೆ ಪೇಟೆಯಿಂದ ಬಂದ ಪ್ರತಿ ಮೀನಿನ ತಲೆಯನ್ನೂ ಸೀಳುತ್ತಿದ್ದಳು. “ಬೇರೆಯವರ ಮನೆಗೆ ಮೀನು ಬಂದ್ರೆ ಅಡುಗೆ. ನಮ್ಮನೆಗೆ ಬಂದ್ರೆ ಮೊದಲು ಪೋಸ್ಟ್‌ಮಾರ್ಟಮ್” ಎಂದು ಅತ್ತೆ ಬಾಗಿಲಿಗೆ ಬಂದವರಿಗೆಲ್ಲ ದೂರುತ್ತಿದ್ದರು. ಆದರೆ ಹೊಸ ಜಾತಿಯ ಮೀನೇನಾದರೂ ಕಣ್ಣಿಗೆ ಬಿದ್ದರೆ ಮೊದಲು ಕೊಂಡುಕೊಂಡು ಬರುತ್ತಿದ್ದವರೂ ಅವರೇ.

ಸಂಗ್ರಹಾಲಯಕ್ಕೆ ಹೊಸ ನಿರ್ದೇಶಕರು ಬಂದಾಗ ಅವಳು ಖುಷಿಪಟ್ಟಿದ್ದಳು. ಅಲ್ಲಿಯವರೆಗೆ ಆ ಕಟ್ಟಡಕ್ಕೆ ತಪ್ಪದೆ ಬರುತ್ತಿದ್ದದ್ದು ಪಾರಿವಾಳಗಳು ಮಾತ್ರ. ಸೋರುವ ಸೂರು, ಉರಿಯದ ದೀಪ, ಕಾಲಿಡಲಾಗದ ಶೌಚಾಲಯ. ನಿರ್ದೇಶಕರು ಓಡಾಡಿ, ಅವರಿವರ ಕಾಲು ಹಿಡಿದು, ಪ್ರಾಯೋಜಕರನ್ನು ತಂದು ಎಲ್ಲವನ್ನೂ ಸರಿ ಮಾಡಿಸಿದರು. ಶಾಲೆಯ ಮಕ್ಕಳು ಮತ್ತೆ ಬರತೊಡಗಿದರು. ಆ ಮನುಷ್ಯ ಸೋಮಾರಿಯಲ್ಲ, ಕೆಟ್ಟವರೂ ಅಲ್ಲ ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು.

ಆಮೇಲೆ ಬಂತು ಶಾರ್ಕ್.

ನಡುವಿನ ದೊಡ್ಡ ಕೋಣೆಯ ಸೂರಿನಿಂದ ನೇತುಹಾಕಲು ಬಸ್ಸಿನಷ್ಟು ಉದ್ದದ ಶಾರ್ಕಿನ ಮಾದರಿ ತಯಾರಾಗುತ್ತಿತ್ತು. ಇಟ್ಟಿಗೆ ಭಟ್ಟಿಯ ಗುಂಡಿಯಲ್ಲಿ ಹಿಂದೊಮ್ಮೆ ಸಿಕ್ಕಿದ್ದ ಒಂದೇ ಒಂದು ಶಾರ್ಕ್ ಹಲ್ಲು ಅದಕ್ಕೆ ಆಧಾರ. ಗೋಡೆಗೆಲ್ಲ ಕಡು ನೀಲಿ ಬಣ್ಣ. ಕೆಳಗೆ ಹಾಕುವ ಫಲಕದ ಬರಹವನ್ನು ನಿರ್ದೇಶಕರು ತಾವೇ ಬರೆದಿದ್ದರು: ‘ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ನಗರವಿರುವ ಈ ಜಾಗ ಆಳ ಸಮುದ್ರವಾಗಿತ್ತು. ಅದನ್ನು ಆಳುತ್ತಿದ್ದವನು ಈ ದೈತ್ಯ.’ ಬರಹ ಸರಿಯಿದೆ ಎಂದು ತಜ್ಞರೊಬ್ಬರು ಸಹಿ ಹಾಕಬೇಕಿತ್ತು. ಇಡೀ ಕಟ್ಟಡದಲ್ಲಿ ಆ ಕಾಲದ ತಜ್ಞೆ ಎಂದರೆ ಕಿವಿಕಲ್ಲು ಒಬ್ಬಳೇ.

ಅವಳು ನಿರ್ದೇಶಕರ ಕೋಣೆಗೆ ಹೋಗಿ ಕಾಗದವನ್ನು ಮೇಜಿನ ಮೇಲಿಟ್ಟಳು.

“ಸಹಿ ಹಾಕಲ್ಲ ಸರ್. ಇಲ್ಲಿ ಆಳ ಸಮುದ್ರ ಇರಲಿಲ್ಲ.”

ನಿರ್ದೇಶಕರು ನಕ್ಕರು. “ಸಮುದ್ರ ಇತ್ತಲ್ಲ?”

“ಸಮುದ್ರದ ಅಂಚು ಇತ್ತು. ಅಳಿವೆ. ಹೊಳೆ ಬಂದು ಉಪ್ಪುನೀರಿಗೆ ಸೇರೋ ಜಾಗ. ನಾನು ಆರಿಸಿದ ಸಾವಿರಾರು ಕಲ್ಲಲ್ಲಿ ಹೆಚ್ಚಿನವು ಕೆಸರಲ್ಲಿ ಬಿಲ ಮಾಡ್ಕೊಂಡಿರೋ ಬೆರಳುದ್ದದ ಮೀನುಗಳದ್ದು. ಉಳಿದವು ತಳಕ್ಕೆ ಅಂಟಿಕೊಂಡು ಮಲಗೋ ಚಪ್ಪಟೆ ಮೀನು, ಆಮೇಲೆ ದೊಡ್ಡ ಮೀನುಗಳ ಮರಿಗಳು. ಕೆಲವು ಕಲ್ಲನ್ನ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದೀನಿ, ಸಿಹಿನೀರಿನ ಬೆರಕೆ ಗೊತ್ತಾಗುತ್ತೆ. ಮೊಣಕಾಲುದ್ದ ನೀರು ಸರ್. ಭರತ ಬಂದು ಕಡಲು ಏರಿದಾಗ ಸೊಂಟದವರೆಗೆ. ಅದರ ಕೆಳಗೆ ಬರೀ ಕೆಸರು.”

“ಮೇಡಂ, ಕೆಸರು ನೋಡೋಕೆ ಯಾರಾದ್ರೂ ಟಿಕೆಟ್ ತಗೊಂಡು ಬರ್ತಾರಾ?”

“ಅದು ಮೀನಿನ ತಪ್ಪಲ್ಲ.”

“ಈ ಶಾರ್ಕ್ ಇಲ್ಲದೆ ಹೋದ್ರೆ ಪ್ರಾಯೋಜಕರು ಹೋಗ್ತಾರೆ. ಅವರು ಹೋದ್ರೆ ಸೂರು ಮತ್ತೆ ಸೋರುತ್ತೆ. ನೀರು ನೆಲಮಾಳಿಗೆಗಿಳಿದು ನಿಮ್ಮ ಕಲ್ಲಿನ ಪೆಟ್ಟಿಗೆಗಳ ಮೇಲೇ ಬೀಳುತ್ತೆ.”

“ಶಾರ್ಕ್ ತೂಗುಹಾಕಿ, ಬೇಡ ಅನ್ನಲ್ಲ. ಆದ್ರೆ ಸುಳ್ಳು ಬರೆದು ಅದರ ಕೆಳಗೆ ನನ್ನ ಹೆಸರು ಹಾಕ್ಬೇಡಿ. ಆ ಹಲ್ಲು ಕೂಡ ಮರಿ ಶಾರ್ಕಿಂದು ಅಂತ ಅನಿಸುತ್ತೆ ನನಗೆ. ಹಲ್ಲು ಬಲ್ಲವರಿಗೆ ಒಂದ್ಸಲ ತೋರಿಸಿ.”

ನಿರ್ದೇಶಕರ ನಗು ಅಲ್ಲಿಗೆ ನಿಂತಿತು. ಅವರು ಒಬ್ಬ ಸಲಹೆಗಾರನನ್ನು ಹೊರಗಿನಿಂದ ಕರೆಸಿದರು. ಸಲಹೆಗಾರ ಅವಳ ನೆಲಮಾಳಿಗೆಯ ಕೋಣೆಗೆ ಬಂದು ಎರಡು ದಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ನೋಡಿದ. ಅವಳು ತಡೆಯಲಿಲ್ಲ, ಲೆನ್ಸು, ದೀಪ ಎಲ್ಲವನ್ನೂ ಕೊಟ್ಟಳು. ಮೂರನೆಯ ದಿನ ನಿರ್ದೇಶಕರಿಂದ ಕರೆ ಬಂತು. ಮೇಜಿನ ಮೇಲೆ ಸಣ್ಣ ಗಾಜಿನ ತಟ್ಟೆ, ಅದರಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕಲ್ಲು.

“ಇದು ಯಾವ ಮೀನು ಮೇಡಂ?”

ಅವಳು ಲೆನ್ಸಿನಲ್ಲಿ ನೋಡಿದಳು. ತಟ್ಟೆ ತಿರುಗಿಸಿ ಇನ್ನೊಮ್ಮೆ ನೋಡಿದಳು. ಅದು ದೀಪಮೀನಿನ ಕಲ್ಲು. ಬಿಸಿಲು ಇಳಿಯದ ಆಳದ ಕತ್ತಲಲ್ಲಿ, ಮೈಯಲ್ಲೇ ಬೆಳಕು ಹೊತ್ತಿಸಿಕೊಂಡು ಈಜುವ ಮೀನು. ಆಳ ಸಮುದ್ರಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದು ಅವಳದೇ ಪೆಟ್ಟಿಗೆಯಲ್ಲಿ, ‘ಗುರುತಿಸಬೇಕಾದವು’ ಎಂಬ ಚೀಟಿಯ ಹಿಂದೆ ಕೂತಿತ್ತು.

“ದೀಪಮೀನು” ಎಂದಳು.

“ಅಂದ್ರೆ?”

“ಆಳದ ಮೀನು.”

“ಅಂದ್ರೆ ಸಹಿ ಹಾಕ್ತೀರಿ.”

“ಇಲ್ಲ. ಇದನ್ನ ಸರಿಯಾಗಿ ನೋಡಿದ ಮೇಲೆ ಹೇಳ್ತೀನಿ. ಮನೆಗೆ ಒಯ್ಯೋಕೆ ಬಿಡಿ.”

ಸಲಹೆಗಾರ ಹುಬ್ಬೇರಿಸಿದ. ನಿರ್ದೇಶಕರು ಧಾರಾಳವಾಗಿ ಕೈ ಬೀಸಿದರು. ಗೆದ್ದವರಿಗೆ ಧಾರಾಳ ಸುಲಭ.

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅವಳು ತನ್ನ ಹಳೆಯ ಮೈಕ್ರೋಸ್ಕೋಪು ಇಟ್ಟುಕೊಂಡು ಕೂತಳು. ಮುಖ ಕಪ್ಪಿಟ್ಟಿತ್ತು. ಅತ್ತೆ ಚಹಾ ತಂದಿಟ್ಟು, ಅದು ಆರಿದ್ದನ್ನು ಎತ್ತಿಕೊಂಡು ಹೋಗಿ, ಮತ್ತೆ ಬಿಸಿ ಮಾಡಿ ತಂದಿಟ್ಟರು.

“ಸೋತ್ಯಾ?” ಎಂದರು ಕೊನೆಗೆ.

“ಗೊತ್ತಿಲ್ಲ ಅತ್ತೆ. ಸೋತಿದ್ರೆ ಹೋಗಿ ಸೋತೆ ಅಂತಲೇ ಹೇಳ್ತೀನಿ.”

“ಹೇಳು ಮತ್ತೆ. ಅದಕ್ಯಾಕೆ ಈ ಮುಖ? ಯಾರಾದ್ರೂ ಸತ್ತಿದಾರೇನೋ ಅಂದ್ಕೊಂಡೆ.”

ಅವಳಿಗೆ ನಗು ಬಂತು. ನಕ್ಕು, ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಆಗ ಅವಳಿಗೆ ಕಲ್ಲಿನ ಆಕಾರ ಬಿಟ್ಟು ಅದರ ಮೈ ಕಾಣತೊಡಗಿತು. ಉಳಿದ ಕಲ್ಲುಗಳ ಮೈ ಹೊಳಪಿನದು, ಅಂಚು ಚೂಪು. ಇದರ ಮೈಯೆಲ್ಲ ಸಣ್ಣ ಸಣ್ಣ ಕುಳಿ, ಅಂಚು ಸವೆದು ಮೊಂಡು. ನೀರಲ್ಲಿ ಉರುಳಿ ಸವೆದ ಕಲ್ಲು ನುಣುಪಾಗಿರುತ್ತದೆ, ಹೀಗೆ ತಿಂದುಹಾಕಿದಂತೆ ಇರುವುದಿಲ್ಲ. ಅವಳು ಎದ್ದು ಕಪಾಟಿನಿಂದ ಒಂದು ಡಬ್ಬಿ ತೆಗೆದಳು. ಪೇಟೆಯ ದೊಡ್ಡ ಮೀನುಗಳ ಹೊಟ್ಟೆಯಲ್ಲಿ ಸಿಕ್ಕಿದ ಸಣ್ಣ ಮೀನುಗಳ ಕಲ್ಲುಗಳನ್ನು ಅದರಲ್ಲಿ ಇಟ್ಟಿದ್ದಳು. ಒಂದನ್ನು ಪಕ್ಕದಲ್ಲಿಟ್ಟಳು. ಅದೇ ಕುಳಿ. ಅದೇ ಮೊಂಡು ಅಂಚು. ಹೊಟ್ಟೆಯ ಆಮ್ಲ ತಿಂದ ಗುರುತು.

ದೀಪಮೀನು ಇಲ್ಲಿ ಬದುಕಿರಲಿಲ್ಲ. ದೂರದ ಆಳದಲ್ಲಿ ಅದನ್ನು ನುಂಗಿದ ಮೀನೊಂದು ಭರತದ ಜೊತೆ ಅಳಿವೆಗೆ ಬಂದು, ಹೊಟ್ಟೆಯಲ್ಲಿದ್ದ ಕಲ್ಲನ್ನು ಈ ಕೆಸರಿನಲ್ಲಿ ಬಿಟ್ಟುಹೋಗಿತ್ತು. ಅವಳು ಪಟ್ಟು ಹಿಡಿದು ಇಡೀ ಸಂಗ್ರಹವನ್ನು ಮತ್ತೆ ಜಾಲಾಡಿದಳು, ದೀಪಮೀನಿನ ಎರಡನೆಯ ಕಲ್ಲು ಸಿಗಲಿಲ್ಲ.

ಇದನ್ನೆಲ್ಲ ಅವಳು ನಿರ್ದೇಶಕರ ಮುಂದೆ ಬಿಡಿಸಿ ಹೇಳಿದಾಗ ಅವರು ಗಡಿಯಾರ ನೋಡಿದರು. “ನಿಮಗೆ ಬೇಡದ ಕಲ್ಲು ಬಂದ ತಕ್ಷಣ ಅದು ಯಾರದೋ ಹೊಟ್ಟೆಯಿಂದ ಬಂತು ಅಂತೀರಲ್ಲ ಮೇಡಂ” ಎಂದರು. ಸಲಹೆಗಾರ ಸಹಿ ಹಾಕಿಯಾಗಿತ್ತು. ಫಲಕ ಬರೆಯಲು ಹೋಗಿಯಾಗಿತ್ತು. ನೆಲಮಾಳಿಗೆಯ ಕೋಣೆಯನ್ನೂ ಖಾಲಿ ಮಾಡಬೇಕಂತೆ, ಮಾರಾಟದ ಗೊಂಬೆ ಶಾರ್ಕುಗಳನ್ನು ಇಡಲು ಜಾಗ ಬೇಕು. ಅವಳು ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಮೆಟ್ಟಿಲ ಕೆಳಗಿನ ಸಂದಿಗೆ ಸೇರಿಸಿದಳು. ಬಾಗಿಲ ಕಾವಲಿನವನಿಗೆ ಎಲ್ಲರೂ ‘ಮೀಸೆ’ ಎನ್ನುತ್ತಿದ್ದರು. ಅವನೂ ಕೈ ಜೋಡಿಸಿದ. ಮೈಕ್ರೋಸ್ಕೋಪಿಗೆ ಅಲ್ಲಿ ಬೆಳಕಿರಲಿಲ್ಲ.

ಉದ್ಘಾಟನೆಯ ದಿನ ನಡುವಿನ ದೊಡ್ಡ ಕೋಣೆ ಕಿಕ್ಕಿರಿದಿತ್ತು. ಪ್ರಾಯೋಜಕರು, ಪತ್ರಿಕೆಯವರು, ಸಮವಸ್ತ್ರದ ಮಕ್ಕಳು. ಮೇಲೆ ಬಾಯಿ ತೆರೆದ ಶಾರ್ಕ್. ಸತ್ಯ ಹೇಳಬೇಕೆಂದರೆ ಅದು ಚೆನ್ನಾಗಿತ್ತು, ಅವಳೇ ಒಂದು ಗಳಿಗೆ ಬಾಯಿ ಬಿಟ್ಟು ನೋಡಿದ್ದಳು. ನಿರ್ದೇಶಕರು ಮೈಕಿನ ಮುಂದೆ ನಿಂತು ಫಲಕವನ್ನು ರಾಗವಾಗಿ ಓದಿದರು.

“ನಮ್ಮ ನಗರವಿರುವ ಈ ಜಾಗ ಆಳ ಸಮುದ್ರವಾಗಿತ್ತು.”

“ಆಗಿರಲಿಲ್ಲ” ಎಂದಿತು ಒಂದು ದನಿ.

ಅವಳು ಕೂಗಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟರೆ ಹೇಳುತ್ತಾರಲ್ಲ, ಅಷ್ಟೇ ಸಾದಾ ದನಿ. ಆದರೆ ಅದು ಇಡೀ ಕೋಣೆಗೆ ಕೇಳಿಸಿತು. ನಿರ್ದೇಶಕರು ಕೆಮ್ಮಿ ಫಲಕದ ಮುಂದಿನ ವಾಕ್ಯ ಓದಲು ನೋಡಿದರು. ಮುಂದಿನ ಸಾಲಲ್ಲಿ ಕೂತಿದ್ದ ಹುಡುಗಿಯೊಬ್ಬಳು ತಿರುಗಿ, “ಮತ್ತೆ ಏನಾಗಿತ್ತು?” ಎಂದು ಕೇಳಿಬಿಟ್ಟಳು.

“ಅಳಿವೆ. ನಿನ್ನ ಮೊಣಕಾಲಿನವರೆಗೆ ನೀರು, ಕೆಳಗೆ ಕೆಸರು. ಈ ಶಾರ್ಕ್ ಅಲ್ಲಿಗೆ ಬಂದಿದ್ರೆ ಹೊಟ್ಟೆ ನೆಲಕ್ಕೆ ತಾಗಿ ಸಿಕ್ಕಿಹಾಕಿಕೊಳ್ತಿತ್ತು.”

ಮಕ್ಕಳು ಹೋ ಎಂದು ನಕ್ಕರು. ಪತ್ರಿಕೆಯವರೂ ನಕ್ಕರು. ಪ್ರಾಯೋಜಕರು ನಗಲಿಲ್ಲ. ಸಂಜೆಯೊಳಗೆ ಅವಳ ಕೈಗೆ ಅಮಾನತಿನ ಆದೇಶ ಬಂತು: ಶಿಸ್ತು ಉಲ್ಲಂಘನೆ, ಸಂಸ್ಥೆಯ ಹೆಸರಿಗೆ ಧಕ್ಕೆ, ಮುಂದಿನ ತೀರ್ಮಾನದವರೆಗೆ ಕೆಲಸಕ್ಕೆ ಬರತಕ್ಕದ್ದಲ್ಲ.

ಗಂಡ ಬಂದವನು ಸುದ್ದಿ ಕೇಳಿ ತಲೆ ಕೆರೆದುಕೊಂಡ. “ಒಂದು ಸಹಿ ಅಲ್ವೇನೇ? ಹಾಕಿ ಬಿಸಾಕಿದ್ರೆ ಆಗ್ತಿರಲಿಲ್ವಾ?”

“ಕೆಂಪು ದೀಪ ಇರೋವಾಗ ಹಸಿರು ಅಂತ ಸಹಿ ಹಾಕು ಅಂದ್ರೆ ನೀನು ಹಾಕ್ತೀಯಾ?”

“ಅಲ್ಲಿ ಜನ ಸಾಯ್ತಾರೆ ಮಾರಾಯ್ತಿ. ಇಲ್ಲಿ ಯಾರು ಸಾಯ್ತಾರೆ?”

ಅತ್ತೆ ಒಳಗಿನಿಂದ, “ಸುಮ್ನಿರೋ. ಅವಳು ಇಷ್ಟು ವರ್ಷ ನನ್ನ ಅಡುಗೆಮನೆ ಹಾಳು ಮಾಡಿದ್ದು ಕೊನೆಗೆ ಸುಳ್ಳು ಬರೆಯೋಕಾ?” ಎಂದರು.

ಭಾನುವಾರ ಅವಳು ಸಂಗ್ರಹಾಲಯದ ಬಾಗಿಲಿಗೆ ಹೋದಳು. ಕೈಯಲ್ಲಿ ಸಣ್ಣ ಚೀಲ, ಪಕ್ಕದಲ್ಲಿ ಮಡಚುವ ಕುರ್ಚಿ ಹಿಡಿದ ಅತ್ತೆ. ಮೀಸೆ ಎದ್ದು ನಿಂತ.

“ಮೇಡಂ, ನಿಮ್ಮನ್ನ ಒಳಗೆ ಬಿಡಬಾರದು ಅಂದಿದಾರೆ.”

“ಕೆಲಸಕ್ಕೆ ಬಿಡಬಾರದು ಅಂದಿರೋದು. ಟಿಕೆಟ್ ತಗೊಂಡು ಬಂದವರನ್ನ?”

ಮೀಸೆ ಯೋಚಿಸಿದ. ಅವನ ಯೋಚನೆ ಮುಖದ ಮೇಲೆ ನಡೆದುಹೋಗುವುದು ಕಾಣುತ್ತಿತ್ತು. “ಟಿಕೆಟ್ ಇದ್ದವರನ್ನ ತಡೀರಿ ಅಂತ ನನಗೆ ಯಾರೂ ಹೇಳಿಲ್ಲ” ಎಂದು ಬಾಗಿಲು ತೆರೆದ.

ಅವಳು ನೆಟ್ಟಗೆ ಹೋಗಿ ಶಾರ್ಕಿನ ಕೆಳಗೆ ನಿಂತಳು. ಚೀಲದಿಂದ ತೆಗೆದದ್ದು ಒಂದು ಕಪ್ಪು ಬಟ್ಟೆ ಹಾಸಿದ ತಟ್ಟೆ, ಹೋಲಿಸಿ ನೋಡಲು ಮನೆಗೆ ಒಯ್ದಿದ್ದ ಇಪ್ಪತ್ತು ಮೂವತ್ತು ಕಲ್ಲು, ಒಂದು ಲೆನ್ಸು. ಯಾರನ್ನೂ ಕರೆಯಲಿಲ್ಲ. ಮೊದಲು ಒಬ್ಬಳು ತಾಯಿ ಮಗುವಿನ ಜೊತೆ ಬಂದು ಇದೇನು ಎಂದಳು. ಆಮೇಲೆ ಇಬ್ಬರು ಕಾಲೇಜು ಹುಡುಗರು. ಆಮೇಲೆ ಸಾಲು. ಅವಳು ದೀಪಮೀನಿನ ಕಲ್ಲನ್ನೂ ಮುಚ್ಚಿಡಲಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನೇ ತೋರಿಸಿ, “ಇದು ನನ್ನ ಮಾತಿಗೆ ವಿರುದ್ಧ ಸಾಕ್ಷಿ, ನೋಡಿ. ಈಗ ಇದರ ಮೈ ನೋಡಿ” ಎನ್ನುತ್ತಿದ್ದಳು. ಲೆನ್ಸಿನಲ್ಲಿ ಕುಳಿಗಳನ್ನು ಕಂಡವರು ತಲೆಯೆತ್ತಿ ಫಲಕ ಓದಿ, ಮತ್ತೆ ಅವಳ ಮುಖ ನೋಡುತ್ತಿದ್ದರು.

“ಹಾಗಾದ್ರೆ ಶಾರ್ಕ್ ಸುಳ್ಳಾ?” ಎಂದು ಒಬ್ಬ ಚಿಕ್ಕವನು ಅಳುಮುಖ ಮಾಡಿದ.

“ಶಾರ್ಕ್ ಇತ್ತಪ್ಪ. ಆದ್ರೆ ಮರಿ, ನಿನ್ನಷ್ಟುದ್ದ ಇದ್ದಿರಬಹುದು. ಕೆಸರಲ್ಲಿ ತಿನ್ನೋಕೆ ಬೇಕಾದಷ್ಟು ಸಿಗುತ್ತೆ, ದೊಡ್ಡವು ಬಂದು ನುಂಗೋಕಾಗಲ್ಲ. ಅದಕ್ಕೇ ಮರಿಗಳೆಲ್ಲ ಅಲ್ಲೇ ಬೆಳೀತವೆ. ಆಳದಲ್ಲಿ ಮೆರೆಯೋ ಎಷ್ಟೋ ಮೀನು ಮೊದಲು ಇಂಥ ಕಡೆಯೇ ಬೆಳೆದಿರುತ್ತವೆ.”

ಇದನ್ನು ಹೇಳುತ್ತಿರುವಾಗಲೇ ಅವಳಿಗೆ ಗಂಡನ ಪ್ರಶ್ನೆಗೆ ಉತ್ತರ ಹೊಳೆಯಿತು. ರೈಲು ನಿಲ್ದಾಣದ ಆಚೆ, ಭರತದ ಉಪ್ಪುನೀರು ಹತ್ತಿಬರುವ ಒಂದು ಕೆಸರುಬಯಲು ಇವತ್ತಿಗೂ ಇತ್ತು. ಊರಿನವರು ಮೂಗು ಮುಚ್ಚಿಕೊಂಡು ಅಲ್ಲಿ ಕಸ ಸುರಿಯುತ್ತಿದ್ದರು. ತಮ್ಮ ಊರು ದೈತ್ಯರ ಕಡಲಾಗಿತ್ತು ಎಂದು ನಂಬಿದವರು ಆ ಬಯಲನ್ನು ಯಾವತ್ತೂ ತಿರುಗಿ ನೋಡುವುದಿಲ್ಲ. ಸಾಯುವುದು ಯಾರು ಎಂದರೆ, ಅಲ್ಲಿ ಈಗಲೂ ಇರುವ ಮರಿಗಳು.

ನಿರ್ದೇಶಕರು ಬಂದು ದೂರದಲ್ಲಿ ನಿಂತು ನೋಡಿದರು. ಕೆಂಪಗಾಗಿದ್ದರು. ಅತ್ತೆ ಕುರ್ಚಿಯಲ್ಲೇ ಕೂತು, “ಬನ್ನಿ ಸರ್, ನೀವೂ ನೋಡಿ. ಸಾಲಲ್ಲಿ ಬನ್ನಿ” ಎಂದು ಕರೆದರು. ನಿರ್ದೇಶಕರು ಬರಲಿಲ್ಲ, ಆದರೆ ಹೊರಗೂ ಹಾಕಿಸಲಿಲ್ಲ. ಎದುರಿಗೆ ಅಷ್ಟು ಜನ ಇದ್ದರು.

ಮಳೆಗಾಲ ಮುಗಿಯುವವರೆಗೂ ಅವಳು ಪ್ರತಿ ಭಾನುವಾರ ಹೋದಳು. ಸಂಬಳ ಅರ್ಧ ಮಾತ್ರ ಬರುತ್ತಿತ್ತು, ಮನೆಯಲ್ಲಿ ಕೈ ಬಿಗಿಯಾಯಿತು, ಗಂಡ ಹೆಚ್ಚು ಪಾಳಿ ಹಾಕಿಸಿಕೊಂಡ. ಕೆಲವು ಸಹೋದ್ಯೋಗಿಗಳು ಎದುರಾದರೆ ಮುಖ ತಿರುಗಿಸಿ ಹೋದರು. ಅದರಿಂದ ಅವಳಿಗೆ ನೋವಾಯಿತು, ಸುಳ್ಳಲ್ಲ. ಒಂದು ಭಾನುವಾರ ಯಾರೂ ಬರಲಿಲ್ಲ, ಅತ್ತೆ ಕುರ್ಚಿಯಲ್ಲಿ ತೂಕಡಿಸಿದರು, ಅವಳು ತಟ್ಟೆ ಹಿಡಿದು ಸುಮ್ಮನೆ ನಿಂತಳು. ಮುಂದಿನ ವಾರ ಮತ್ತೆ ಹೋದಳು.

ಕೊನೆಗೆ ಆಡಳಿತ ಸಮಿತಿ ಅವಳನ್ನು ಕರೆಸಿತು. ಉದ್ದ ಮೇಜಿನ ತುದಿಯಲ್ಲಿ ಅಧ್ಯಕ್ಷೆ. ನಿವೃತ್ತ ವೈದ್ಯೆ, ಮಾತು ಕಡಿಮೆ. ಪಕ್ಕದಲ್ಲಿ ನಿರ್ದೇಶಕರು. ಅವರು ಮೊದಲೇ ಒಂದು ರಾಜಿ ಸಿದ್ಧ ಮಾಡಿಕೊಂಡು ಬಂದಿದ್ದರು.

“ಕೆಲವರ ಪ್ರಕಾರ ಆಳ ಸಮುದ್ರ, ಕೆಲವರ ಪ್ರಕಾರ ಅಳಿವೆ ಅಂತ ಬರೆಸೋಣ. ಎಲ್ಲರಿಗೂ ಸಮಾಧಾನ. ಮೇಡಂ ನಾಳೆಯಿಂದಲೇ ಕೆಲಸಕ್ಕೆ ಬರಲಿ.”

“ಕೆಲವರ ಪ್ರಕಾರ ಬೇಡ” ಎಂದಳು ಅವಳು. “ಮೀನುಗಳ ಪ್ರಕಾರ ಏನು ಅಂತ ಬರೆಸಿ.”

“ನೋಡಿದ್ರಾ? ಒಂದು ಹೆಜ್ಜೆ ಹಿಂದೆ ಹೋಗಲ್ಲ” ಎಂದು ನಿರ್ದೇಶಕರು ಕೈ ಚೆಲ್ಲಿದರು.

ಅಧ್ಯಕ್ಷೆ ಕಲ್ಲುಗಳನ್ನು ತೋರಿಸಿ ಎಂದರು. ಅವಳು ಮನೆಯಿಂದ ಹೊತ್ತು ತಂದಿದ್ದ ಮೈಕ್ರೋಸ್ಕೋಪನ್ನು ಮೇಜಿನ ಮೇಲಿಟ್ಟು, ದೀಪಮೀನಿನ ಕಲ್ಲನ್ನೂ ಹೊಟ್ಟೆಯಿಂದ ತೆಗೆದ ಕಲ್ಲನ್ನೂ ಅಕ್ಕಪಕ್ಕ ಇಟ್ಟಳು. ಅಧ್ಯಕ್ಷೆ ಕನ್ನಡಕ ತೆಗೆದು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನಿರ್ದೇಶಕರಿಗೆ, “ನೀವು ನೋಡಿದೀರಾ?” ಎಂದರು. ನಿರ್ದೇಶಕರು ಇಲ್ಲ ಎಂದು ತಲೆಯಾಡಿಸಿದರು. “ನೋಡಿ.”

ನಿರ್ದೇಶಕರು ಬಗ್ಗಿ ನೋಡಿದರು. ತಲೆ ಎತ್ತಿ, ತಾವು ತಂದಿದ್ದ ರಾಜಿಯ ಕಾಗದವನ್ನು ಮಡಚಿಟ್ಟರು.

“ನಾಳೆ ಇಂಥದ್ದೇ ನೂರು ಕಲ್ಲು ಸಿಕ್ಕಿದ್ರೆ?” ಅಧ್ಯಕ್ಷೆ ಅವಳನ್ನು ಕೇಳಿದರು. “ಸವೆಯದೆ ಇರೋವು?”

“ಅವತ್ತು ನಾನೇ ಬಂದು ನನ್ನ ಬೋರ್ಡು ಕಿತ್ತು ಹಾಕ್ತೀನಿ. ಆಳ ಸಮುದ್ರ ಅಂತ ನನ್ನ ಕೈಯಾರೆ ಬರೀತೀನಿ.”

ಸಮಿತಿ ಎರಡು ವಾರ ತೆಗೆದುಕೊಂಡಿತು. ಹಲ್ಲನ್ನೂ ಬಲ್ಲವರಿಗೆ ಕಳಿಸಿದರು, ಮರಿ ಶಾರ್ಕಿನದು ಎಂದೇ ಉತ್ತರ ಬಂತು. ಅಮಾನತು ಹೋಯಿತು. ಕೋಣೆ ಮಾತ್ರ ಹೋದದ್ದು ಹೋಯಿತು. ಗೊಂಬೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು, ಅವುಗಳನ್ನು ಅಲುಗಿಸುವಂತಿರಲಿಲ್ಲ. ಶಾರ್ಕೂ ಇದ್ದಲ್ಲೇ ಇರಬೇಕು ಎಂದಾಯಿತು. ಮೆಟ್ಟಿಲ ಕೆಳಗಿನ ಸಂದಿಗೆ ಒಂದು ಒಳ್ಳೆಯ ದೀಪ ಹಾಕಿಸಿಕೊಟ್ಟರು. ಅದು ನಿರ್ದೇಶಕರೇ ಹೇಳಿ ಮಾಡಿಸಿದ್ದು ಎಂದು ಮೀಸೆ ಗುಟ್ಟಾಗಿ ತಿಳಿಸಿದ.

ಹೊಸ ಫಲಕದ ಬರಹ ಅವಳದು. ಬರೆದು ಕೊಟ್ಟ ಮಧ್ಯಾಹ್ನವೇ ನಿರ್ದೇಶಕರು ಕಾಗದ ಹಿಡಿದು ಮೆಟ್ಟಿಲ ಕೆಳಗೆ ಬಂದು, ತಲೆ ತಗ್ಗಿಸಿ ಒಳಗೆ ನುಸುಳಿದರು.

“ಎಲ್ಲ ಸರಿ ಇದೆ ಮೇಡಂ. ಒಂದೇ ಒಂದು ಶಬ್ದ. ‘ಕೆಸರು’ ಅಂತ ನಾಲ್ಕು ಕಡೆ ಬಂದಿದೆ. ‘ಮೃದುವಾದ ತಳ’ ಅನ್ನೋಣ. ಇಲ್ಲಾಂದ್ರೆ ‘ಹೂಳು’. ಓದೋವಾಗ ಸ್ವಲ್ಪ ಘನವಾಗಿರುತ್ತೆ.”

“ಮರಿಗಳು ಬೆಳೆದದ್ದು ಯಾವುದರಲ್ಲಿ ಸರ್?”

“ಕೆಸರಲ್ಲಿ. ಗೊತ್ತಾಯ್ತು ಮಾರಾಯ್ರೇ, ಈಗ ನನಗೂ ಗೊತ್ತು. ಆದ್ರೂ ಅಷ್ಟು ದೊಡ್ಡ ಅಕ್ಷರದಲ್ಲಿ—”

“ದೊಡ್ಡ ಅಕ್ಷರದಲ್ಲೇ ಇರಲಿ. ನಾಲ್ಕು ಕಡೆಯೂ ಇರಲಿ.”

ನಿರ್ದೇಶಕರು ಕಾಗದವನ್ನು ಮತ್ತೊಮ್ಮೆ ನೋಡಿದರು. ವಾದಿಸಲು ಬಾಯಿ ತೆರೆದವರು, ಅವಳು ಆಗಲೇ ಕುಂಚ ಒದ್ದೆ ಮಾಡಿಕೊಂಡು ಮುಂದಿನ ತಟ್ಟೆಗೆ ಬಗ್ಗಿದ್ದನ್ನು ಕಂಡು ಹಾಗೇ ಮುಚ್ಚಿದರು. ಹೋಗುವಾಗ ಮೆಟ್ಟಿಲಿಗೆ ತಲೆ ತಗುಲಿಸಿಕೊಂಡರು. ಮಾರನೆಯ ವಾರ ಬಣ್ಣದವನು ಬಂದು ಏಣಿ ಹಾಕಿ, ನೀಲಿ ಗೋಡೆಯ ಮೇಲೆ, ಬಾಗಿಲಿನಿಂದಲೇ ಓದಲು ಬರುವಷ್ಟು ದಪ್ಪನಾಗಿ, ನಾಲ್ಕು ಕಡೆಯೂ, ಆ ಶಬ್ದ ಬರೆದ.